ಬರೆಯದೆ ಬಿಟ್ಟ ಐವತ್ತೆರಡು ದಿನ

ನಮ್ಮ ಮ್ಯೂಸಿಯಂ ಮತ್ತು ಸರ್ಕಾರಿ ವಾದ್ಯವೃಂದ ಎರಡೂ ಒಂದೇ ಕಟ್ಟಡದಲ್ಲಿದ್ದವು. ನಡುವೆ ಒಂದು ಗೋಡೆ. ಗೋಡೆಯ ಈಚೆ ಹಳೆಯ ವಾದ್ಯಗಳನ್ನು ಇಟ್ಟ ಕೋಣೆ, ಆಚೆ ವಾದ್ಯವೃಂದದವರು ಅಭ್ಯಾಸ ಮಾಡುವ ಹಜಾರ. ಗೋಡೆಯ ಕೊನೆಗೆ ಒಂದು ಸಣ್ಣ ಬಾಗಿಲು, ಅದರ ಪಕ್ಕದಲ್ಲಿ ನಾನು ಕೆಲಸ ಮಾಡುವ ಕೋಣೆ. ಒಂದು ಕಿಟಕಿ, ಒಂದು ಮರದ ಮೇಜು, ಮರ ಅಂಟಿಸುವ ಸರೇಸು ಕಾಯಿಸುವ ಪಾತ್ರೆ, ಗೋಡೆಗೆ ತೂಗುಹಾಕಿದ ಉಳಿಗಳು, ಅರಗಳು. ಇಷ್ಟೇ. ಮೂವತ್ತನಾಲ್ಕು ವರ್ಷ ನಾನು ಅಲ್ಲಿ ವಾದ್ಯ ರಿಪೇರಿ ಮಾಡಿದೆ. ನಿವೃತ್ತಿಯಾದ ಮೇಲೂ ವರ್ಷವರ್ಷದ ಆದೇಶದ ಮೇಲೆ ಇಟ್ಟುಕೊಂಡಿದ್ದರು. ಎಲ್ಲರೂ ನನ್ನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಮ್ಯೂಸಿಯಂನ ನಡುಮಧ್ಯದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸೆಲ್ಲೊ ಇತ್ತು. ಪಿಟೀಲಿನ ಜಾತಿಯದೇ ವಾದ್ಯ, ಆದರೆ ಕುರ್ಚಿಯ ಮೇಲೆ ಕೂತು, ನೆಲಕ್ಕೆ ಊರಿ, ಮೊಣಕಾಲುಗಳ ನಡುವೆ ಹಿಡಿದು ನುಡಿಸುವಷ್ಟು ದೊಡ್ಡದು. ಇನ್ನೂರು ವರ್ಷ ದಾಟಿದ ಮರ. ಅದಕ್ಕೆ ನಮ್ಮಲ್ಲಿ ದೊಡ್ಡಮ್ಮ ಎಂದು ಹೆಸರು. ಯಾರು ಇಟ್ಟರೋ ತಿಳಿಯದು. ಅದು ಮ್ಯೂಸಿಯಂನ ಆಸ್ತಿ. ಆದರೆ ದಿನಾ ಬೆಳಗ್ಗೆ ಒಂಬತ್ತಕ್ಕೆ ಪೆಟ್ಟಿಗೆಯಿಂದ ಹೊರಬಂದು, ಸಣ್ಣ ಬಾಗಿಲು ದಾಟಿ, ವಾದ್ಯವೃಂದದಲ್ಲಿ ದುಡಿದು, ಮಧ್ಯಾಹ್ನ ಮೂರಕ್ಕೆ ಹಿಂದಿರುಗುತ್ತಿತ್ತು. ನಾನು ಸೇರುವ ಮೊದಲೇ ಒಬ್ಬ ನಿರ್ದೇಶಕರು ಮಾಡಿದ ಏರ್ಪಾಡು ಅದು. ನುಡಿಸುವ ವಾದ್ಯವನ್ನು ಸುಮ್ಮನೆ ಕೂರಿಸಬಾರದು ಎನ್ನುತ್ತಿದ್ದರಂತೆ. ಪೆಟ್ಟಿಗೆ ಖಾಲಿ ಇರುವ ಹೊತ್ತಿನಲ್ಲಿ ಒಳಗೆ ಒಂದು ಸಣ್ಣ ಹಲಗೆ ನಿಲ್ಲಿಸುತ್ತಿದ್ದೆವು: "ಈ ವಾದ್ಯ ಕೆಲಸಕ್ಕೆ ಹೋಗಿದೆ. ಮಧ್ಯಾಹ್ನ ಮೂರಕ್ಕೆ ಬರುತ್ತದೆ." ಆ ಅಕ್ಷರ ನನ್ನ ಹೆಂಡತಿಯದು.

ದೊಡ್ಡಮ್ಮನನ್ನು ಇಪ್ಪತ್ತೊಂಬತ್ತು ವರ್ಷ ನುಡಿಸಿದವಳೂ ಅವಳೇ. ಕೆಳಗಿನ ತಂತಿಯ ಮೇಲೆ ಅವಳು ಕಮಾನು ಎಳೆದರೆ ಗೋಡೆಯ ಈಚೆ ನನ್ನ ಮೇಜಿನ ಮೇಲಿನ ಮೊಳೆ ಡಬ್ಬಿ ಗುಂಯ್ ಎನ್ನುತ್ತಿತ್ತು. ನಾನು ತಲೆಯೆತ್ತದೆ ಕೆಲಸ ಮುಂದುವರಿಸುತ್ತಿದ್ದೆ. ಮನೆಯವಳು ಆಚೆ ಇದ್ದಾಳೆ ಎಂದು ಗೊತ್ತಿರುವ ಗಂಡಸು ತಲೆಯೆತ್ತುವುದಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಆ ಕುರ್ಚಿಗೆ ಅವಳ ತಂಗಿ ಬಂದಳು. ನಮ್ಮ ಮದುವೆಯಲ್ಲಿ ಈ ನಾದಿನಿಗೆ ಹನ್ನೊಂದು ವರ್ಷ. ಈಗ ಐವತ್ತರ ಹತ್ತಿರ. ನಾನು ಕರೆಯುವುದು ಇಂದಿಗೂ ಪುಟ್ಟಿ ಎಂದೇ. ಕಲಿಸಿದವಳು ಅಕ್ಕನೇ ಆದ್ದರಿಂದ ಕಮಾನಿನ ಎಳೆತದಲ್ಲಿ ಅಕ್ಕನ ಛಾಯೆ ಇತ್ತು. ಡಬ್ಬಿ ಮತ್ತೆ ಗುಂಯ್ ಎಂದ ಮೊದಲ ದಿನ ನಾನು ಉಳಿ ಕೆಳಗಿಟ್ಟು, ಬಾಗಿಲು ಹಾಕಿಕೊಂಡು, ದೇವರನ್ನು ನೆನೆದು ಅತ್ತೆ. ಆಮೇಲಿಂದ ಬದುಕುವುದು ಸಾಧ್ಯವಾಯಿತು. ಬೆಳಗ್ಗೆ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳಲು ನನಗೆ ಉಳಿದಿದ್ದ ಕಾರಣ ಆ ಸದ್ದೊಂದೇ.

ಎರಡು ಸಂಸ್ಥೆಗಳಿಗೂ ಸರ್ಕಾರದಿಂದ ಒಂದೇ ಅನುದಾನ ಬರುತ್ತಿತ್ತು. ಈ ವರ್ಷ ಆದೇಶ ಬದಲಾಯಿತು. ಮ್ಯೂಸಿಯಂ ಒಂದು ಇಲಾಖೆಗೆ, ವಾದ್ಯವೃಂದ ಇನ್ನೊಂದಕ್ಕೆ. ಯಾವ ವಸ್ತು ಯಾರ ಪಾಲಿಗೆ, ಯಾವುದಕ್ಕೆ ಯಾರ ಹಣ ಎಂದು ಗೊತ್ತುಮಾಡಲು ಒಬ್ಬ ಅಧಿಕಾರಿ ಬಂದರು. ನಲವತ್ತರ ಆಸುಪಾಸಿನವರು. ಮೆಲ್ಲಗೆ ಮಾತಾಡುವವರು. ಗಾಜಿನ ಪೆಟ್ಟಿಗೆಗಳ ಮೇಲೆ ಕೈಯಿಡದೆ, ಕೈ ಹಿಂದೆ ಕಟ್ಟಿಕೊಂಡು ನೋಡುವವರು. ನನಗೆ ಮೊದಲ ನೋಟಕ್ಕೇ ಹಿಡಿಸಿದರು.

"ದೊಡ್ಡ ವಾದ್ಯದ ಆರೈಕೆಗೆ ಏನಾದರೂ ದಾಖಲೆ ಇಟ್ಟಿದ್ದೀರಾ?" ಎಂದು ಕೇಳಿದರು.

ನಾನು ನನ್ನ ರಿಪೇರಿ ಪುಸ್ತಕವನ್ನು ಬಟ್ಟೆಯಿಂದ ಒರೆಸಿ ಅವರ ಮುಂದಿಟ್ಟೆ.

ಆ ಪುಸ್ತಕದ ವಿಷಯ ಹೇಳಬೇಕು. ನಾನು ಸೇರಿದ ದಿನದಿಂದ ದೊಡ್ಡಮ್ಮನ ಮೈಮೇಲಿನ ಒಂದೊಂದು ಗುರುತನ್ನೂ ಅದರಲ್ಲಿ ಬರೆದಿದ್ದೆ. ತಾರೀಕು, ಜಾಗ, ಎಷ್ಟು, ಏನು ಮಾಡಿದೆ. ಎಷ್ಟು ಎನ್ನುವುದಕ್ಕೆ ನನ್ನವೇ ಅಳತೆಗಳು: ಕೂದಲೆಳೆಯಷ್ಟು, ಅಕ್ಕಿಕಾಳಿನಷ್ಟು, ಉಗುರಿನಗಲ. ಎಡಭುಜದ ಮೇಲೆ ಕೈ ತಾಗಿ ತಾಗಿ ಮೆರುಗು ಹೋದದ್ದು, ಮೊಣಕಾಲು ತಾಗುವ ಕಡೆ ಮರ ನುಣುಪಾದದ್ದು, ಬೆರಳು ಹಲಗೆಯಲ್ಲಿ ಬಿದ್ದ ಸಣ್ಣ ಕಾಲುವೆಗಳು. ಒಂದು ವರ್ಷ ನನ್ನ ಹೆಂಡತಿ ಬಸುರಿಯಾಗಿದ್ದಳು. ಹೊಟ್ಟೆಗೆ ತಾಗದಂತೆ ವಾದ್ಯವನ್ನು ಓರೆಯಾಗಿ ಹಿಡಿದು ಆರು ತಿಂಗಳು ನುಡಿಸಿದಳು. ಬೆನ್ನಿನ ಹಲಗೆಯ ಮೇಲೆ ಎಂದೂ ಇಲ್ಲದ ಕಡೆ ಒಂದು ಗುರುತು ಬಿತ್ತು. ಅದನ್ನೂ ಬರೆದಿದ್ದೆ. ಮಗು ಉಳಿಯಲಿಲ್ಲ. ಗುರುತು ಉಳಿಯಿತು.

ಅಧಿಕಾರಿಗಳು ಎರಡು ಗಂಟೆ ಕೂತು ಪುಸ್ತಕ ಓದಿದರು. ನಡುನಡುವೆ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡರು.

"ಮೇಸ್ತ್ರಿಗಳೇ, ಇಷ್ಟು ಚೊಕ್ಕವಾಗಿ ಬರೆದದ್ದನ್ನ ನಾನು ಯಾವ ಕಚೇರೀಲೂ ನೋಡಿಲ್ಲ" ಎಂದರು.

ನಾನು ಉಬ್ಬಿದೆ. ದೇವರು ನನ್ನನ್ನು ಕ್ಷಮಿಸಲಿ.

ಮೂರು ವಾರಕ್ಕೆ ವರದಿ ಬಂತು. ನಾದಿನಿ ಅದನ್ನು ತಂದು ನನ್ನ ಮೇಜಿನ ಮೇಲೆ, ಸರೇಸಿನ ಪಾತ್ರೆಯ ಪಕ್ಕಕ್ಕೆ ಎಸೆದಳು.

"ಓದಿ ಭಾವ. ಕನ್ನಡಕ ಹಾಕ್ಕೊಂಡು ಓದಿ."

"ನೀನೇ ಓದು."

"ಮೂವತ್ತನಾಲ್ಕು ವರ್ಷದಲ್ಲಿ ಇನ್ನೂರ ಹದಿನಾಲ್ಕು ಹಾನಿ. ಕಾರಣ, ದಿನನಿತ್ಯ ನುಡಿಸುವುದು. ಆಧಾರ, ಸಂಸ್ಥೆಯ ಮೇಸ್ತ್ರಿಗಳು ಸ್ವಂತ ಕೈಯಿಂದ ಬರೆದ ದಾಖಲೆ." ಹಾಳೆ ಮಡಚಿದಳು. "ಒಂದು ಇಲಾಖೆ ದುಡ್ಡಲ್ಲಿ ಸವೆಸೋದು, ಇನ್ನೊಂದು ಇಲಾಖೆ ದುಡ್ಡಲ್ಲಿ ರಿಪೇರಿ ಮಾಡೋದು, ಇದು ಸಾರ್ವಜನಿಕ ಹಣಕ್ಕೆ ನ್ಯಾಯವೇ ಅಂತ ಕೇಳಿದಾರೆ. ದೊಡ್ಡಮ್ಮನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕಂತೆ. ಹಾಗಾದ್ರೆ ಮಾತ್ರ ಮ್ಯೂಸಿಯಂಗೆ ಅನುದಾನ."

"ನಾನು ಹಾನಿ ಅಂತ ಬರೆದಿಲ್ಲ ಪುಟ್ಟಿ. ಸವೆತ ಅಂತ ಬರೆದಿದ್ದೆ."

"ಅವರನ್ನ ಕೇಳಿ, ಎರಡಕ್ಕೂ ಏನು ವ್ಯತ್ಯಾಸ ಅಂತ." ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ಅವರು ಪುಸ್ತಕ ಕೊಡಿ ಅಂದ್ರಾ?"

"ಆರೈಕೆಗೆ ದಾಖಲೆ ಇದೆಯಾ ಅಂದ್ರು."

"ಇದೆ ಅಂತ ಹೇಳಿ ಬಾಯಿ ಮುಚ್ಚಿಕೊಂಡು ಇರೋಕೆ ಏನಾಗಿತ್ತು ನಿಮಗೆ? ಎರಡೂ ಕೈಲಿ ಎತ್ತಿ ಕೊಟ್ರಾ, ಮಗಳನ್ನ ಒಪ್ಪಿಸೋ ಹಾಗೆ?"

ಎರಡೂ ಕೈಯಿಂದಲೇ ಕೊಟ್ಟಿದ್ದೆ.

ಅವಳು ವರದಿಯನ್ನು ಮತ್ತೆ ಬಿಡಿಸಿ ಕೊನೆಯ ಪಟ್ಟಿಯ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಹಾನಿ ಐವತ್ತೊಂದು. ಬೆನ್ನಿನ ಹಲಗೆ, ಬಲಕ್ಕೆ, ಅಕ್ಕಿಕಾಳಿನಷ್ಟು..." ಮುಂದೆ ಓದಲಿಲ್ಲ. ಅದು ಯಾವ ಗುರುತು ಎಂದು ಅವಳಿಗೂ ಗೊತ್ತು. ಆ ದಿನಗಳಲ್ಲಿ ಅಕ್ಕನ ಬಳಿ ಮಲಗಲು ಬರುತ್ತಿದ್ದವಳು ಅವಳೇ.

ಹಾಳೆಯನ್ನು ಮತ್ತೆ ಮಡಚಿ ಹೇಳಿದಳು: "ಗುರುವಾರ ಕರೆದಿದಾರೆ. ಹೇಳೋದಿದ್ರೆ ಹೇಳಬಹುದಂತೆ. ನುಡಿಸದೇ ಇಟ್ರೂ ಹಾಳಾಗುತ್ತೆ ಅನ್ನೋದಕ್ಕೆ ಏನಾದ್ರೂ ಆಧಾರ ಬೇಕು."

"ನುಡಿಸದೆ ಇಟ್ಟಿದ್ದು ಯಾವಾಗ? ನಮ್ಮ ಕಾಲದಲ್ಲಿ ಅದು ರಜೆಗೂ ಮನೆಗೇ ಬರ್ತಿತ್ತು..."

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಒಮ್ಮೆ ಇಟ್ಟಿದ್ದೆವು. ಐವತ್ತೆರಡು ದಿನ.

ಹೆಂಡತಿ ಹೋದ ಮೇಲೆ ಐವತ್ತೆರಡು ದಿನ ನಾನು ಕೆಲಸಕ್ಕೆ ಬರಲಿಲ್ಲ. ನಾದಿನಿಯೂ ಅಕ್ಕನ ಕುರ್ಚಿಯಲ್ಲಿ ಕೂರಲಾರದೆ ವಾದ್ಯವೃಂದದಲ್ಲಿದ್ದ ತನ್ನ ಹಳೆಯ ಕುರ್ಚಿಯಲ್ಲೇ ಉಳಿದಿದ್ದಳು. ದೊಡ್ಡಮ್ಮ ಪೆಟ್ಟಿಗೆಯಲ್ಲೇ ಇತ್ತು. ನಾನು ವಾಪಸು ಬಂದು ಪೆಟ್ಟಿಗೆಯ ಬಾಗಿಲು ತೆಗೆದಾಗ ಕೆಳಗಿನ ಅಂಚಿನಲ್ಲಿ, ಎಡಕ್ಕೆ, ಕೂಡಿಸಿದ ಕಡೆ ಬಾಯಿಬಿಟ್ಟಿತ್ತು. ಉಗುರು ಹೋಗುವಷ್ಟು. ದಿನಾ ಮೈಶಾಖ, ಉಸಿರು, ನಡುಕ ಇವುಗಳಲ್ಲಿ ಇದ್ದ ಮರ ಒಮ್ಮೆಗೇ ಒಂಟಿಯಾದರೆ ಹಾಗಾಗುತ್ತದೆ. ಸರೇಸು ಹಾಕಿ, ಕ್ಲಾಂಪು ಬಿಗಿದು, ಒಂದು ದಿನ ಒಣಗಲು ಬಿಟ್ಟು ಸರಿಮಾಡಿದೆ. ಆದರೂ ಸ್ವರ ತೆರೆದುಕೊಳ್ಳಲು ಮತ್ತೆರಡು ತಿಂಗಳು ಹಿಡಿಯಿತು. ಇದು ಯಾವುದನ್ನೂ ಬರೆಯಲಿಲ್ಲ. ಪುಸ್ತಕ ತೆರೆದರೆ ಕೊನೆಯ ಸಾಲಿನಲ್ಲಿ ಅವಳ ಕೈಯ ಸವೆತ. ಅದರ ಕೆಳಗೆ ಬೇರೆ ಸಾಲು ಬರೆಯಲು ಮನಸ್ಸಾಗದೆ ಅರ್ಧ ಪುಟ ಖಾಲಿ ಬಿಟ್ಟು, ತಿಂಗಳುಗಳ ಮೇಲೆ ಹೊಸ ಪುಟದಲ್ಲಿ ಶುರುಮಾಡಿದ್ದೆ.

"ಆ ಅರ್ಧ ಪುಟ ಇದೆಯಲ್ಲ ಭಾವ" ಎಂದಳು ನಾದಿನಿ. ಈಗ ಅವಳ ದನಿ ಮೆತ್ತಗಾಗಿತ್ತು. "ಅವತ್ತಿನ ತಾರೀಕು ಹಾಕಿ ಬರೀರಿ. ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ. ನಡೆದದ್ದನ್ನೇ ಬರೀರಿ."

"ತಾರೀಕು ಸುಳ್ಳಾಗುತ್ತಲ್ಲ."

"ಆಗಲಿ! ತಾರೀಕಿಗೇನು ನೋವಾಗುತ್ತಾ?"

"ನೋಡೋಣ."

"ನಿಮ್ಮ ನೋಡೋಣ ನನಗೆ ಗೊತ್ತು. ಅಕ್ಕ ಮನೆಗೆ ಫ್ಯಾನ್ ಹಾಕ್ಸಿ ಅಂದಾಗಲೂ ನೋಡೋಣ ಅಂದಿದ್ರಿ. ಏಳು ಬೇಸಿಗೆ ನೋಡಿದ್ರಿ."

ಅಷ್ಟು ದುಃಖದಲ್ಲೂ ನನಗೆ ನಗು ಬಂತು. ಅವಳಿಗೂ ಬಂತು. ಆಮೇಲೆ ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು ಆಚೆಗೆ ಹೋದಳು. ಸ್ವಲ್ಪ ಹೊತ್ತಿಗೆ ಡಬ್ಬಿ ಗುಂಯ್ ಎಂದಿತು.

ಗುರುವಾರ ಬೆಳಗ್ಗೆ ಎಂದಿನಂತೆ ಪ್ರಾರ್ಥನೆಗೆ ಕೂತೆ. ನಾನು ದೇವರಲ್ಲಿ ಏನನ್ನೂ ಕೇಳಿಕೊಳ್ಳುವವನಲ್ಲ. ಹೆಂಡತಿಯ ಕಾಯಿಲೆಯಲ್ಲಿ ಒಮ್ಮೆ ಕೇಳಿ ಸುಮ್ಮನಾದವನು. ಅಂದು ಮಾತ್ರ, ಒಂದು ಹಳೆಯ ತಾರೀಕು ಬರೆಯುವಷ್ಟು ಧೈರ್ಯ ಕೊಡು ಎಂದು ಕೇಳಿಕೊಂಡೆ. ಕೇಳಿಕೊಳ್ಳುವಾಗಲೇ ತಿಳಿಯಿತು, ಅದು ಅವನು ಕೊಡುವ ವಸ್ತುವಲ್ಲ ಎಂದು.

ಕೆಲಸದ ಕೋಣೆಗೆ ಬಂದು ಪುಸ್ತಕ ತೆರೆದೆ. ಖಾಲಿ ಜಾಗದ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು. ಆ ದಿನ ಯಾವುದೆಂದು ನನಗೆ ಚೆನ್ನಾಗಿ ನೆನಪಿತ್ತು. ಬೇರೆ ಯಾವ ಲೆಕ್ಕವೂ ಬೇಕಿರಲಿಲ್ಲ. ಅವಳು ಹೋದ ದಿನದಿಂದ ಎಣಿಸಿದರೆ ಸಾಕು. ಕೊನೆಗೆ ಬರೆದೆ: "ಹೋದ ವರ್ಷ ಬರೆಯಬೇಕಾಗಿದ್ದನ್ನು ಇಂದು ಬರೆಯುತ್ತಿದ್ದೇನೆ." ಕೆಳಗೆ ಬಾಯಿಬಿಟ್ಟ ಜಾಗ, ಅಳತೆ, ಮಾಡಿದ ಕೆಲಸ, ಐವತ್ತೆರಡು ದಿನದ ಮೌನ. ಇಂದಿನ ತಾರೀಕು. ಸಹಿ.

ನಿರ್ದೇಶಕರ ಕೋಣೆಯಲ್ಲಿ ಅಧಿಕಾರಿಗಳು ಒಬ್ಬರೇ ಇದ್ದರು. ನಾದಿನಿ ನನ್ನ ಪಕ್ಕದಲ್ಲಿ ಕೂತಳು. ಅವರು ಆ ಅರ್ಧ ಪುಟವನ್ನು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

"ಇವತ್ತಿನ ತಾರೀಕು ಹಾಕಿದ್ದೀರಿ."

"ಇವತ್ತು ಬರೆದೆ ಸಾರ್."

"ವರದಿ ಬಂದ ಮೇಲೆ ಬರೆದದ್ದನ್ನ ನಾನು ಆಧಾರ ಅಂತ ಹೇಗೆ ತಗೊಳ್ಳಲಿ ಮೇಸ್ತ್ರಿಗಳೇ?" ಅವರು ಪುಟದ ಅಂಚನ್ನು ಬೆರಳಿನಿಂದ ಸವರಿದರು. "ಹಳೇ ತಾರೀಕು ಹಾಕಿದ್ದಿದ್ರೆ ನಾನು ಕೇಳ್ತಾನೇ ಇರಲಿಲ್ಲ."

ನಾದಿನಿ ನೆಲ ನೋಡಿದಳು.

"ನನಗೆ ಗೊತ್ತಿತ್ತು ಸಾರ್" ಎಂದೆ.

"ಆಗಲೇ ಯಾಕೆ ಬರೀಲಿಲ್ಲ?"

ನಾದಿನಿಯೇ ಹೇಳಿದಳು: "ನಮ್ಮಕ್ಕ ಹೋಗಿದ್ದಳು ಸಾರ್. ದೊಡ್ಡಮ್ಮನ್ನ ನುಡಿಸ್ತಿದ್ದವಳು. ಇವರ ಹೆಂಡತಿ."

ಅವರು ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಾನು ನಿರೀಕ್ಷಿಸದ ಮಾತೊಂದನ್ನು ಹೇಳಿದರು.

"ನಾನು ಚಿಕ್ಕವನಿದ್ದಾಗ ಶಾಲೆಯವರು ನಮ್ಮನ್ನ ಇಲ್ಲಿಗೆ ಕರಕೊಂಡು ಬಂದಿದ್ರು. ಎರಡು ಸಲ. ಪುಸ್ತಕದಲ್ಲಿ ಈ ವಾದ್ಯದ ಚಿತ್ರ ನೋಡಿದ್ದೆ. ಅದನ್ನ ನೋಡಬೇಕು ಅಂತ ಹಿಂದಿನ ದಿನದಿಂದ ಕುಣೀತಿದ್ದೆ. ಎರಡು ಸಲವೂ ಕೆಲಸಕ್ಕೆ ಹೋಗಿತ್ತು."

ನಾನು ಬೆಚ್ಚಿದೆ. ಶಾಲೆಯ ಮಕ್ಕಳು ಬರುವುದು ಯಾವಾಗಲೂ ಬೆಳಗ್ಗೆ ಹತ್ತಕ್ಕೆ. ಹನ್ನೆರಡಕ್ಕೆ ಬಸ್ಸು ಹತ್ತಿ ಹೋಗುತ್ತಾರೆ. ಇಷ್ಟು ವರ್ಷ ಸಾಲುಸಾಲಾಗಿ ಬಂದ ಮಕ್ಕಳೆಲ್ಲ ನೋಡಿದ್ದು ಒಂದು ಹಲಗೆಯನ್ನು. ಇದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

"ಆದರೆ ಸಾರ್, ಸ್ವರ ಕೇಳಿರಬೇಕಲ್ಲ ನೀವು? ಗೋಡೆ ಆಚೆಯಿಂದ?"

"ಏನೋ ಗುಂಯ್ ಅಂತ ಕೇಳ್ತಿತ್ತು" ಎಂದು ನೆನಪುಮಾಡಿಕೊಂಡರು. "ನೀರಿನ ಪಂಪು ಅಂದ್ಕೊಂಡಿದ್ದೆ. ಅದೇ ಇದು ಅಂತ ನಮಗೆ ಯಾರೂ ಹೇಳಲಿಲ್ಲ."

ಅವರ ವಯಸ್ಸು ಲೆಕ್ಕಹಾಕಿದರೆ ಅದು ನನ್ನ ಹೆಂಡತಿ ಸೇರಿದ ಹೊಸತು. ಈ ಮನುಷ್ಯ ಪುಟ್ಟ ಹುಡುಗನಾಗಿ ಅವಳ ಅಕ್ಷರದ ಮುಂದೆ ನಿಂತು, ಅವಳ ಕೈಯ ಸ್ವರ ಕೇಳುತ್ತ, ನೀರಿನ ಪಂಪು ಎಂದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಹೋಗಿದ್ದ. ಹಲಗೆಯ ಮೇಲೆ ಇನ್ನೊಂದು ಸಾಲು ಬರೆದಿದ್ದರೆ ಸಾಕಿತ್ತು: ಈಗ ಕೇಳಿಸುತ್ತಿರುವುದು ಅದರದೇ ದನಿ. ಹಲಗೆಯಲ್ಲಿ ಜಾಗವಿತ್ತು. ಬರೆಯುವವಳು ಮನೆಯಲ್ಲೇ ಇದ್ದಳು. ನಾನು ಗೋಡೆಯ ಈಚೆ ಕೂತು ಆ ಸದ್ದನ್ನು ನನ್ನ ಮನೆಯೊಳಗಿನ ಮಾತು ಮಾಡಿಕೊಂಡಿದ್ದೆ. ಅದು ಊರಿನವರ ಹಣದಲ್ಲಿ ಊರಿನವರಿಗಾಗಿ ನುಡಿಯುತ್ತಿದ್ದದ್ದು ಎಂಬುದು ನೆನಪೇ ಆಗಿರಲಿಲ್ಲ.

"ಜನರ ವಸ್ತು ಜನರ ಕಣ್ಣಿಗೆ ಬೀಳಬೇಕು ಮೇಸ್ತ್ರಿಗಳೇ" ಎಂದರು ಅವರು. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

ಎರಡು ಸಂಸ್ಥೆಗಳಿಗೂ ಅನುದಾನ ಉಳಿಯಿತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಾದ್ಯವೃಂದಕ್ಕೆ ಊರಿನ ಇನ್ನೊಂದು ಬದಿಯಲ್ಲಿ ಹೊಸ ಹಜಾರ ಸಿಕ್ಕಿತು. ನಾದಿನಿಗೆ ಹೊಸ ಸೆಲ್ಲೊ ಬಂತು. ನುಡಿಸದ ವಾದ್ಯಕ್ಕೆ ರಿಪೇರಿ ಬೇಡವಾದ್ದರಿಂದ ನನ್ನ ವರ್ಷವರ್ಷದ ಆದೇಶ ಆ ವರ್ಷ ಬರಲಿಲ್ಲ.

ಕೊನೆಯ ಕೆಲಸವೊಂದಿತ್ತು. ಕಾಯಂ ಪೆಟ್ಟಿಗೆಯಲ್ಲಿಡುವ ಮೊದಲು ತಂತಿಗಳನ್ನು ಸಡಿಲಿಸಬೇಕು. ಬಿಗಿಯಾಗಿಯೇ ಬಿಟ್ಟರೆ ಎದೆಯ ಹಲಗೆಗೆ ಭಾರ. ನಾದಿನಿ ನನ್ನ ಕೋಣೆಗೆ ಬಂದಿದ್ದಳು.

"ಕೆಳಗಿನ ತಂತಿ ಒಂದು ಸಲ ಎಳಿ ಪುಟ್ಟಿ."

"ಯಾವ ಹಾಡು ಭಾವ?"

"ಹಾಡು ಬೇಡ. ತಂತಿ ಸಾಕು."

ಅವಳು ಕಮಾನಿನ ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆದಳು. ಮೊಳೆ ಡಬ್ಬಿ ಗುಂಯ್ ಎಂದಿತು. ಕಮಾನು ಮುಗಿದ ಮೇಲೂ ಒಂದು ಕ್ಷಣ ಎಂದಿತು. ಆಮೇಲೆ ನಾನು ಬಿರಡೆಗೆ ಕೈಹಾಕಿದೆ. ಬಿರಡೆ ತಿರುಗಿದಂತೆಲ್ಲ ಸ್ವರ ಇಳಿಯಿತು. ಇಳಿದು ಇಳಿದು ಸ್ವರವಲ್ಲದ್ದಾಯಿತು. ತಂತಿಗಳನ್ನು ಹೊತ್ತ ಮರದ ಕುದುರೆ ಬೀಳದಷ್ಟು ಮಾತ್ರ ಬಿಗಿ ಉಳಿಸಿದೆ. ಬಾಗಿಲು ಕಾಯುವವನು ಪೆಟ್ಟಿಗೆಯ ಬೀಗ ಹಾಕಿದ. ಅವನಿಗೆ ನಮ್ಮಲ್ಲಿ ಗಡಿಯಾರ ಎಂದು ಅಡ್ಡಹೆಸರು, ದಿನಾ ತಡವಾಗಿ ಬಾಗಿಲು ತೆಗೆಯುವುದಕ್ಕೆ. ಕೆಲಸವಿಲ್ಲದಾದ ಹಲಗೆಯನ್ನು ಅವನು ತೋಳಿನಿಂದ ಒರೆಸಿ ಉಗ್ರಾಣಕ್ಕೆ ಒಯ್ದ. ಪುಸ್ತಕ ಕಚೇರಿಯ ಬೀರುವಿಗೆ ಹೋಯಿತು. ಡಬ್ಬಿ ನನ್ನ ಸ್ವಂತದ್ದು, ಮನೆಗೆ ತಂದೆ.

ಈಗ ತಿಂಗಳ ಮೊದಲ ಸೋಮವಾರ ನಾನು ಮ್ಯೂಸಿಯಂಗೆ ಹೋಗುತ್ತೇನೆ.

"ಏನ್ ಮೇಸ್ತ್ರಿಗಳೇ, ಟಿಕೆಟ್ ತಗೊಂಡ್ರಾ?" ಎಂದು ಗಡಿಯಾರ ಕೇಳುತ್ತಾನೆ.

"ಮುದುಕರಿಗೆ ಪುಕ್ಕಟೆ ಅಂತ ನಿನ್ನ ತಲೆ ಮೇಲೇ ಬರೆದಿದೆಯಲ್ಲೋ."

"ನೀವು ಯಾವಾಗ ಮುದುಕರಾದ್ರಿ?"

"ನೀನು ಬಾಗಿಲು ತೆಗೆಯೋದನ್ನ ಕಾಯ್ತಾ ಕಾಯ್ತಾ."

ಮೊನ್ನೆ ಹತ್ತಕ್ಕೆ ಶಾಲೆಯ ಮಕ್ಕಳು ಬಂದರು. ದೊಡ್ಡಮ್ಮನ ಸುತ್ತ ನಿಂತರು, ಗಾಜಿಗೆ ಮೂಗು ಒತ್ತಿದರು. ಎಷ್ಟು ದೊಡ್ಡದು ಎಂದು ಒಬ್ಬಳು ಕೈಚಾಚಿ ಅಳೆದಳು. ನನಗೆ ಸಂತೋಷವಾಯಿತು, ನಿಜವಾಗಿಯೂ ಆಯಿತು. ಅದರ ದನಿ ಹೇಗಿತ್ತು ಎಂದು ಯಾರಾದರೂ ಕೇಳಿಯಾರು ಎಂದು ಕಾದೆ. ಯಾರೂ ಕೇಳಲಿಲ್ಲ. ಗೋಡೆಯ ಆಚೆ ಈಗ ಖಾಲಿ ಹಜಾರ. ಅವರು ಮುಂದಿನ ಕೋಣೆಗೆ ಹೋದರು.

ಎಲ್ಲರೂ ಹೋದ ಮೇಲೆ ನಾನು ಕಷ್ಟಪಟ್ಟು ಮಂಡಿಯೂರಿ ಕೂತೆ. ಪ್ರಾರ್ಥನೆಗೆ ಕೂತಿದ್ದೇನೆ ಎಂದುಕೊಂಡು ಗಡಿಯಾರ ಮುಖ ಆಚೆ ತಿರುಗಿಸಿದ. ಕೆಳಗಿನ ಅಂಚಿಗೆ ಕಣ್ಣು ಸಮವಾಗಬೇಕಾದರೆ ಹಾಗೆಯೇ ಕೂರಬೇಕು. ಜೇಬಿನಿಂದ ಹೊಸ ಪುಸ್ತಕ ತೆಗೆದೆ. ಅಂಗಡಿಯಲ್ಲಿ ಕೊಂಡ ಮಾಮೂಲಿ ನೋಟುಪುಸ್ತಕ, ಯಾವ ಕಚೇರಿಯ ಮುದ್ರೆಯೂ ಇಲ್ಲ. ಮುಂದೆ ಎಂದಾದರೂ ಇನ್ನೊಬ್ಬ ಅಧಿಕಾರಿ ಬಂದು, ನುಡಿಸದೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ದಾಖಲೆ ಇದೆಯೇ ಎಂದು ಕೇಳಬಹುದು. ಆಗ ನಾನು ಇರುವುದಿಲ್ಲ. ಪುಟ್ಟಿಗೆ ಹೇಳಿಟ್ಟಿದ್ದೇನೆ, ಇದು ಯಾವ ಕಪಾಟಿನಲ್ಲಿದೆ ಎಂದು.

ಕೆಳಗಿನ ಅಂಚು, ಎಡಕ್ಕೆ, ನಾನು ಸರೇಸು ಹಾಕಿದ್ದ ಅದೇ ಜಾಗ. ಕೂದಲೆಳೆಯಷ್ಟು ಬಾಯಿಬಿಟ್ಟಿದೆ. ಬರೆದು, ಅಂದಿನದೇ ತಾರೀಕು ಹಾಕಿ, ಪೆಟ್ಟಿಗೆಯ ಅಂಚು ಹಿಡಿದು ಎದ್ದೆ.